ಪ್ರಾಸ್ಟೇಟ್ ಗ್ರಂಥಿಯ ಏಡಿಹುಣ್ಣು: ಸೂಜಿಗೆ ದಾರಿ ತೋರುವ ಚಿತ್ರಗಳು

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಅಡ್ಡಗಟ್ಟೆಯಿದೆ. ಆದರೆ ನದಿಯಿಂದ ದೂರ ಸರಿದಂತೆ ರೈತನು ಕೊಳವೆಬಾವಿಯನ್ನು ನೆಚ್ಚಬೇಕಾಗುತ್ತದೆ. ಬಂಡೆಯಲ್ಲಿ ಬಿರುಕು ಎಲ್ಲಿದೆಯೆಂದು ಮೊದಲು ಉಪಕರಣದಿಂದ ನೋಡಿಸಿ, ಅಲ್ಲಿಯೇ ಕೊರೆಸುವವನು ಜಾಣ. ಹೊಲದ ತುಂಬ ಹನ್ನೆರಡು ಗುರುತು ಹಾಕಿ ಕೊರೆಯುತ್ತ ಹೋಗುವವನನ್ನು ಯಾರೂ ಮೆಚ್ಚರು. ಆದರೂ ಪ್ರಾಸ್ಟೇಟ್ ಗ್ರಂಥಿಯಲ್ಲಿ ಏಡಿಹುಣ್ಣನ್ನು, ಎಂದರೆ ಕ್ಯಾನ್ಸರನ್ನು, ಹುಡುಕುವ ವೈದ್ಯರು ಬಹುಕಾಲ ಈ ಎರಡನೆಯ ಕ್ರಮವನ್ನೇ ಅನುಸರಿಸಬೇಕಾಗಿತ್ತು.

ಪುರುಷರಲ್ಲಿ ಮಾತ್ರವಿರುವ ಈ ಗ್ರಂಥಿಯು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದು, ಗುದನಾಳದ ಮುಂಭಾಗಕ್ಕೆ ತಾಗಿಕೊಂಡಿದೆ. ಅದು ತಯಾರಿಸುವ ಪಿ.ಎಸ್.ಎ. ಎಂಬ ಪ್ರೋಟೀನು ರಕ್ತದಲ್ಲಿ ಹೆಚ್ಚಿದರೆ ಸಂಶಯ ಹುಟ್ಟುತ್ತದೆ. ಆದರೆ ಮುಪ್ಪಿನಲ್ಲಿ ಗ್ರಂಥಿಯು ಬೆಳೆದು ದಪ್ಪವಾದಾಗಲೂ, ಸೋಂಕು ತಗುಲಿದಾಗಲೂ ಅದು ಹೆಚ್ಚಬಹುದಷ್ಟೆ. ಆದಕಾರಣ ಸೂಜಿಯಿಂದ ಗ್ರಂಥಿಯ ಎಳೆಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ನಿರ್ಣಾಯಕ.

ಸೂಜಿಯನ್ನು ಚುಚ್ಚುವುದೆಲ್ಲಿ? 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಹಾಡ್ಜ್ ಮತ್ತು ಸಂಗಡಿಗರು ಶ್ರವಣಾತೀತ ಧ್ವನಿಯ ಚಿತ್ರವನ್ನು ನೋಡುತ್ತ, ಗ್ರಂಥಿಯ ಆರು ಗೊತ್ತಾದ ಸ್ಥಳಗಳಿಂದ ಎಳೆ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಮುಂದೆ ಆರು ಹನ್ನೆರಡಾಯಿತು. ಈ ಧ್ವನಿಚಿತ್ರದಲ್ಲಿ ಗ್ರಂಥಿಯ ಮೇರೆ ಚೆನ್ನಾಗಿ ಕಾಣುತ್ತದೆ; ಹುಣ್ಣು ಮಾತ್ರ ಅನೇಕ ವೇಳೆ ಕಾಣದು. ಅಪಾಯದ ಹುಣ್ಣು ಎರಡು ಚುಚ್ಚುಗಳ ನಡುವೆ ತಪ್ಪಿಸಿಕೊಳ್ಳಬಹುದು. ಎಂದಿಗೂ ತೊಂದರೆ ಕೊಡದಷ್ಟು ಸಾಧುವಾದ ಹುಣ್ಣು ಸಿಕ್ಕಿ, ರೋಗಿಯು ಅನಗತ್ಯ ಶಸ್ತ್ರಚಿಕಿತ್ಸೆಗೊಳಗಾಗಿ ಮೂತ್ರದ ಹಿಡಿತವನ್ನು ಕಳೆದುಕೊಳ್ಳಲೂಬಹುದು. ಈ ಎರಡನೆಯ ಹಾನಿಯನ್ನು ಜನರು ಅಷ್ಟಾಗಿ ಗಮನಿಸುವುದಿಲ್ಲ.

ಎಂ.ಆರ್.ಐ. ಯಂತ್ರವು ಪ್ರಬಲ ಕಾಂತಕ್ಷೇತ್ರದಲ್ಲಿ ದೇಹದ ಜಲಜನಕದ ಬೀಜಗಳಿಂದ ಬರುವ ಸಂಕೇತಗಳನ್ನು ಗ್ರಹಿಸಿ ಚಿತ್ರ ರಚಿಸುತ್ತದೆ. ಹುಣ್ಣಿನಲ್ಲಿ ಕೋಶಗಳು ಒತ್ತಾಗಿರುವುದರಿಂದ ನೀರಿನ ಕಣಗಳ ಚಲನೆಗೆ ಅಡ್ಡಿಯಾಗುತ್ತದೆ; ಆ ಭಾಗವು ಚಿತ್ರದಲ್ಲಿ ಬೇರೆಯಾಗಿ ತೋರುತ್ತದೆ. 2018ರ ‘ಪ್ರಿಸಿಷನ್’ ಪರೀಕ್ಷೆಯಲ್ಲಿ 500 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಅಪಾಯಕರ ಹುಣ್ಣು ಹಳೆಯ ಕ್ರಮದ ಗುಂಪಿನಲ್ಲಿ ನೂರಕ್ಕೆ 26 ಮಂದಿಯಲ್ಲಿಯೂ, ಎಂ.ಆರ್.ಐ. ಗುಂಪಿನಲ್ಲಿ 38 ಮಂದಿಯಲ್ಲಿಯೂ ಪತ್ತೆಯಾಯಿತು. ಸಾಧುವಾದ ಹುಣ್ಣು ಸಿಕ್ಕಿದ್ದು ಮಾತ್ರ 22ರಿಂದ 9ಕ್ಕಿಳಿಯಿತು. ಚಿತ್ರದಲ್ಲಿ ಶಂಕೆಯಿಲ್ಲದವರಿಗೆ ಸೂಜಿಯನ್ನೇ ಚುಚ್ಚಲಿಲ್ಲ.

ಚಿತ್ರ ದೊರೆತ ಮೇಲೆ ಸೂಜಿಯನ್ನು ಗುರಿಗೆ ಒಯ್ಯಲು ಮೂರು ವಿಧಾನಗಳಿವೆ. ವೈದ್ಯನು ಎಂ.ಆರ್.ಐ. ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಮಾನ್ಯ ಧ್ವನಿಯಂತ್ರದ ನೆರವಿನಿಂದ ಚುಚ್ಚಬಹುದು, ಗಣಕಯಂತ್ರವು ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಬಹುದು, ಇಲ್ಲವೆ ಎಂ.ಆರ್.ಐ. ಯಂತ್ರದೊಳಗೇ ಕೆಲಸ ಮುಗಿಸಬಹುದು. ಯಂತ್ರ ದುಬಾರಿಯಾದಷ್ಟೂ ಫಲ ಹೆಚ್ಚೆಂದು ತೋರುವುದು ಸಹಜ. ಆದರೆ ನೆದರ್‌ಲೆಂಡ್ಸಿನಲ್ಲಿ, ಹಿಂದಿನ ಬಯಾಪ್ಸಿಯಲ್ಲಿ ಏನೂ ಸಿಕ್ಕದಿದ್ದ 234 ಮಂದಿಯ ಮೇಲೆ ಈ ಮೂರನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿದ ‘ಫ್ಯೂಚರ್’ ಪರೀಕ್ಷೆಯಲ್ಲಿ ಮೂರರ ಫಲವೂ ನೂರಕ್ಕೆ 33ರ ಆಸುಪಾಸಿನಲ್ಲಿಯೇ ಇತ್ತು. ಹಮ್ಮಿಗಿಯಿಂದ ಪಟ್ಟಣಕ್ಕೆ ಹೋಗುವ ರೋಗಿಗೆ ಇದು ಸಣ್ಣ ಸಂಗತಿಯಲ್ಲ. ಅವನಿಗೆ ಮೊದಲು ಬೇಕಾದುದು ಒಳ್ಳೆಯ ಎಂ.ಆರ್.ಐ. ಚಿತ್ರ, ಅದನ್ನು ಓದಬಲ್ಲ ಕಣ್ಣು, ಪಳಗಿದ ಕೈ.

ಸೂಜಿಯ ದಾರಿಯ ವಿಷಯ ಬೇರೆ. ಗುದನಾಳದ ಮೂಲಕ ಚುಚ್ಚಿದಾಗ ಅಲ್ಲಿನ ಬ್ಯಾಕ್ಟೀರಿಯಗಳು ರಕ್ತಕ್ಕೆ ಸೇರುವ ಭಯವಿದೆ. ವೃಷಣಕ್ಕೂ ಗುದದ್ವಾರಕ್ಕೂ ನಡುವಣ ಚರ್ಮದ ಮೂಲಕ ಚುಚ್ಚಿದರೆ ಆ ಭಯ ಬಹಳ ಕಡಿಮೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳು ಹೆಚ್ಚುತ್ತಿರುವುದರಿಂದ ಅನೇಕ ಆಸ್ಪತ್ರೆಗಳು ಈಗ ಈ ದಾರಿಯನ್ನೇ ಹಿಡಿಯುತ್ತಿವೆ.