ಟ್ರ್ಯಾಕ್ಟರಿನ ವಿದ್ಯುತ್ ವಾಲ್ವಿನಲ್ಲಿ ‘ಹಿಂದುಳಿಕೆ’: ತಗ್ಗಿಸುವುದು ಹೇಗೆ?

ರೆಕ್ಕೆ ನೇಗಿಲಿನಿಂದ 20 ಸೆಂ.ಮೀ. ಆಳ ಉಳಬೇಕೆಂದು ಗುಂಡಿ ತಿರುಗಿಸಿಟ್ಟರೂ ಒಂದೇ ಹೊಲದಲ್ಲಿ ಒಂದು ಕಡೆ 17, ಇನ್ನೊಂದು ಕಡೆ 23 ಸೆಂ.ಮೀ. ಆಳ ಬಂದರೆ, ರೈತರು ಮೊದಲು ನೇಗಿಲನ್ನೂ ಆಮೇಲೆ ಚಾಲಕನನ್ನೂ ದೂರುವುದು ವಾಡಿಕೆ. ದೋಷವು ಹಲವು ವೇಳೆ ಹೈಡ್ರಾಲಿಕ್ ವಾಲ್ವಿನಲ್ಲಿರುತ್ತದೆ.

ನೇಗಿಲಿನ ಎಳೆತವನ್ನು ಅನುಸರಿಸಿ ಅದನ್ನು ತಾನಾಗಿ ಎತ್ತಿಳಿಸುವ ಹೈಡ್ರಾಲಿಕ್ ವ್ಯವಸ್ಥೆಯನ್ನು ಬಳಕೆಗೆ ತಂದವರು ಹ್ಯಾರಿ ಫರ್ಗುಸನ್. 1939ರ ಫೋರ್ಡ್-ಫರ್ಗುಸನ್ ಟ್ರ್ಯಾಕ್ಟರಿನಿಂದ ಅದು ಪ್ರಸಿದ್ಧಿಗೆ ಬಂದಿತು. ಅದರಲ್ಲಿ ವಾಲ್ವನ್ನು ಸರಿಸುವುದು ಲಿವರು ಮತ್ತು ಸರಳುಗಳು. ವಿದ್ಯುತ್ ನಿಯಂತ್ರಣವುಳ್ಳ ಟ್ರ್ಯಾಕ್ಟರಿನಲ್ಲಾದರೋ ಕೆಳತೋಳಿನ ಪಿನ್ನು ಎಳೆತವನ್ನು ಅಳೆಯುತ್ತದೆ, ಇನ್ನೊಂದು ಸಾಧನ ತೋಳಿನ ಎತ್ತರವನ್ನು ಅಳೆಯುತ್ತದೆ. ಇವೆರಡನ್ನೂ ನೋಡಿ ನಿಯಂತ್ರಕ ಪೆಟ್ಟಿಗೆಯು ವಾಲ್ವಿನ ಸುರುಳಿಗೆ ಬೇಕಾದಷ್ಟು ವಿದ್ಯುತ್ತನ್ನು ಕಳುಹಿಸುತ್ತದೆ. ಸುರುಳಿಯು ಆಯಸ್ಕಾಂತವಾಗಿ ಸ್ಪೂಲ್ ಎಂಬ ಉಕ್ಕಿನ ದಿಂಡನ್ನು ಸರಿಸುತ್ತದೆ. ಸರಿದಷ್ಟು ಎಣ್ಣೆ ಹರಿಯುತ್ತದೆ.

ತೊಡಕಿರುವುದು ಇಲ್ಲಿ. ವಿದ್ಯುತ್ತನ್ನು ಏರಿಸುತ್ತಾ ಬಂದು ಒಂದು ಮಟ್ಟದಲ್ಲಿ ನಿಲ್ಲಿಸಿದರೆ ಸ್ಪೂಲು ನಿಲ್ಲುವ ಜಾಗ ಒಂದು. ಇಳಿಸುತ್ತಾ ಬಂದು ಅದೇ ಮಟ್ಟದಲ್ಲಿ ನಿಲ್ಲಿಸಿದರೆ ಜಾಗ ಬೇರೆ. ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ, ‘ಹಿಂದುಳಿಕೆ’ ಎನ್ನೋಣ. ಬೇಸಾಯ ಶಾಸ್ತ್ರದವನಾದ ನನಗೆ ಈ ಮಾತು ಮೊದಲು ಪರಿಚಯವಾದದ್ದು ಮಣ್ಣಿನಿಂದ. ಒಂದೇ ಹೀರುಬಲದಲ್ಲಿ, ಒಣಗುತ್ತಿರುವ ಮಣ್ಣು ನೆನೆಯುತ್ತಿರುವ ಮಣ್ಣಿಗಿಂತ ಹೆಚ್ಚು ನೀರು ಹಿಡಿದಿರುತ್ತದೆ. ಎಲ್ಲಿಂದ ಬಂದೆವೆಂಬುದರ ಮೇಲೆ ಎಲ್ಲಿ ನಿಲ್ಲುತ್ತೇವೆಂಬುದು ನಿಂತಿದೆ.

ವಾಲ್ವಿನಲ್ಲಿ ಇದಕ್ಕೆ ಮುಖ್ಯ ಕಾರಣಗಳು ಎರಡು. ಕಬ್ಬಿಣವು ವಿದ್ಯುತ್ ತಗ್ಗಿದ ಮೇಲೂ ಸ್ವಲ್ಪ ಕಾಂತತ್ವವನ್ನು ಉಳಿಸಿಕೊಳ್ಳುತ್ತದೆ. ಇದು ತಯಾರಿಕೆಯ ವಿಷಯ, ನಮ್ಮ ಕೈಯಲ್ಲಿಲ್ಲ. ಎರಡನೆಯದು ಘರ್ಷಣೆ. ಸ್ಪೂಲಿಗೂ ಅದರ ರಂಧ್ರಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆ ಸಂದಿನಲ್ಲಿ ನುಣ್ಣನೆಯ ಧೂಳು ಸೇರಿದರೆ ಸ್ಪೂಲು ಹಿಡಿದುಕೊಂಡು, ಬಲ ಹೆಚ್ಚಾದಾಗ ಒಮ್ಮೆಗೇ ಜಾರುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸಂತೆಯ ತಕ್ಕಡಿಯಲ್ಲಿದೆ. ಮುಳ್ಳು ಅಂಟಿಕೊಂಡಂತೆ ಕಂಡರೆ ಅಂಗಡಿಯವನು ದಂಡವನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾನೆ. ಮುಳ್ಳು ನಿಜವಾದ ಜಾಗಕ್ಕೆ ಬರುತ್ತದೆ. ಹಾಗೆಯೇ ವಿದ್ಯುತ್ತನ್ನು ಒಂದೇ ಸಮ ಕೊಡದೆ, ಸೆಕೆಂಡಿಗೆ ಸುಮಾರು 100ರಿಂದ 200 ಸಲ ತುಸು ಏರಿಳಿಯುವಂತೆ ಕೊಡುತ್ತಾರೆ. ಇದಕ್ಕೆ ಡಿದರ್ ಎಂದು ಹೆಸರು. ಸ್ಪೂಲು ಸದಾ ಕಂಪಿಸುತ್ತಿರುವುದರಿಂದ ಅಂಟಿಕೊಳ್ಳಲು ಅವಕಾಶವೇ ಇಲ್ಲ. ಕಂಪನ ಅತಿ ವೇಗವಾದರೆ ಸ್ಪೂಲಿಗೆ ಅದು ತಿಳಿಯುವುದಿಲ್ಲ. ಅತಿ ನಿಧಾನವಾದರೆ ತೋಳೇ ನಡುಗುತ್ತದೆ. ಆದ್ದರಿಂದ ವಾಲ್ವನ್ನು ಬದಲಿಸುವಾಗ ಆ ನಿಯಂತ್ರಕಕ್ಕೆ ಹೊಂದುವುದನ್ನೇ ಹಾಕಿಸಬೇಕು. ಕಡಿಮೆ ಬೆಲೆಯ ಬೇರೆ ವಾಲ್ವು ಅಳತೆಯಲ್ಲಿ ಕೂತರೂ ಕೆಲಸದಲ್ಲಿ ಕೂರದು. ಸ್ಪೂಲಿನ ಸ್ಥಾನವನ್ನೇ ಅಳೆದು ತಿದ್ದುವ ವಾಲ್ವುಗಳೂ ಉಂಟು. ಸಾಮಾನ್ಯ ವಾಲ್ವಿನಲ್ಲಿ ಶೇಕಡ 5ರ ಆಸುಪಾಸಿನಲ್ಲಿರುವ ಹಿಂದುಳಿಕೆ ಅವುಗಳಲ್ಲಿ ಶೇಕಡ 1ಕ್ಕೂ ಕೆಳಗಿಳಿಯುತ್ತದೆ, ಆದರೆ ಬೆಲೆ ಹೆಚ್ಚು.

ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ವಾಲ್ವನ್ನೇ ಬದಲಿಸಬೇಕಂತೆ ಎಂದು ಚಿಂತೆಯಿಂದ ನನ್ನ ಬಳಿ ಬಂದಿದ್ದರು. ವಿಚಾರಿಸಿದಾಗ, ಟ್ರೇಲರಿನ ಹೈಡ್ರಾಲಿಕ್ ಪೈಪಿನ ಬಾಯನ್ನು ಧೂಳಿನಲ್ಲಿ ಬಿಟ್ಟು, ಒರೆಸದೆ ಟ್ರ್ಯಾಕ್ಟರಿಗೆ ಸೇರಿಸುವ ರೂಢಿ ಅವರ ಚಾಲಕನಿಗಿತ್ತು. ಫಿಲ್ಟರ್ ಕಟ್ಟಿತ್ತು. ಎಣ್ಣೆ, ಫಿಲ್ಟರುಗಳನ್ನು ಬದಲಿಸಿ, ಪೈಪಿನ ಬಾಯಿಗೆ ಮುಚ್ಚಳ ಹಾಕಿಸಿದ ಮೇಲೆ ಹಳೆಯ ವಾಲ್ವೇ ಉತ್ತಿತು.

ತೊಂದರೆ ಇದೆಯೋ ಇಲ್ಲವೋ ಎಂದು ನೀವೇ ಪರೀಕ್ಷಿಸಬಹುದು. ಸಮನೆಲದ ಮೇಲೆ ಟ್ರ್ಯಾಕ್ಟರನ್ನು ನಿಲ್ಲಿಸಿ, ನೇಗಿಲು ಕಟ್ಟಿ, ಎಣ್ಣೆ ಬೆಚ್ಚಗಾಗುವವರೆಗೆ ನಡೆಸಿ. ಎತ್ತರ ನಿಯಂತ್ರಣದಲ್ಲಿಟ್ಟು, ಗುಂಡಿಯನ್ನು ಕೆಳಗಿನಿಂದ ಅರ್ಧಕ್ಕೆ ತಂದು ಕೆಳತೋಳಿನ ತುದಿಯ ಎತ್ತರವನ್ನು ಪಕ್ಕದಲ್ಲಿ ನಿಂತು ಅಳೆಯಿರಿ. ನಂತರ ಪೂರ್ತಿ ಮೇಲಕ್ಕೊಯ್ದು ಅದೇ ಅರ್ಧಕ್ಕೆ ಇಳಿಸಿ ಅಳೆಯಿರಿ. ಸಣ್ಣ ವ್ಯತ್ಯಾಸವನ್ನು ನಿಯಂತ್ರಕವೇ ಬೇಕೆಂದು ಬಿಡುತ್ತದೆ, ಚಿಂತೆ ಬೇಡ. ಟ್ರ್ಯಾಕ್ಟರು ಹೊಸದಿದ್ದಾಗಲೇ ಈ ಅಳತೆಯನ್ನು ಬರೆದಿಟ್ಟುಕೊಂಡರೆ ವರ್ಷವರ್ಷಕ್ಕೆ ಹೋಲಿಸಬಹುದು. ವ್ಯತ್ಯಾಸ ಬೆಳೆಯುತ್ತಿದ್ದರೆ ಮೊದಲು ಪಿನ್ನುಗಳ ಸವಕಳಿ, ಬಳಿಕ ಫಿಲ್ಟರ್, ಎಣ್ಣೆ, ತುಕ್ಕು ಹಿಡಿದ ವಿದ್ಯುತ್ ಪ್ಲಗ್ಗು, ಕೊನೆಗೆ ವಾಲ್ವು. ಎತ್ತಿದ ನೇಗಿಲಿನ ಕೆಳಗೆ ಎಂದೂ ಕೈಹಾಕಬೇಡಿ. ಒತ್ತಡದಲ್ಲಿ ಚಿಮ್ಮಿದ ಎಣ್ಣೆ ಚರ್ಮದೊಳಗೆ ಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆಳ ಏರುಪೇರಾದಾಗ ಸೂಕ್ಷ್ಮತೆಯ ಗುಂಡಿಯನ್ನು ಹೆಚ್ಚಿಸುವುದು ಚಾಲಕರ ಸಾಮಾನ್ಯ ತಪ್ಪು. ಹಿಂದುಳಿಕೆಯಿರುವ ವಾಲ್ವಿಗೆ ಆತುರವನ್ನೂ ಸೇರಿಸಿದರೆ ನೇಗಿಲು ಮೇಲೆ ಕೆಳಗೆ ಕುಣಿಯತೊಡಗುತ್ತದೆ, ಡೀಸೆಲ್ಲೂ ವ್ಯರ್ಥ. ಅದನ್ನು ತುಸು ತಗ್ಗಿಸಿ ನೋಡಿ. ಆಳದ ಗುಂಡಿಯನ್ನು ಯಾವಾಗಲೂ ಒಂದೇ ಕಡೆಯಿಂದ, ಅಂದರೆ ಮೇಲಿನಿಂದ ಇಳಿಸುತ್ತಲೇ, ಬೇಕಾದ ಅಂಕಿಗೆ ತಂದು ನಿಲ್ಲಿಸಿ. ಅಂಕಿ ದಾಟಿತೆಂದರೆ ಮತ್ತೆ ಮೇಲಕ್ಕೊಯ್ದು ಇಳಿಸಿ.