ವಿಟಮಿನ್ ಡಿ: ಎಲುಬಿಗಷ್ಟೇ ಅಲ್ಲ, ಮಾಂಸಖಂಡಕ್ಕೂ ಬೇಕು

ಪುಣೆಯ ಕನ್ನಡ ಕುಟುಂಬಗಳಿಗಾಗಿ ಕಳಿಸುತ್ತಿರುವ ಆರೋಗ್ಯ ಲೇಖನಗಳಲ್ಲಿ ಇಂದಿನದು ವಿಟಮಿನ್ ಡಿ ಕುರಿತು. ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಪೂರ್ತಿ ಓದಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

ಊರಿನಲ್ಲಿದ್ದಾಗ ನಿಮ್ಮ ಅಮ್ಮನ ದಿನಚರಿ ನೆನಪಿಸಿಕೊಳ್ಳಿ. ಬೇಸಿಗೆ ಬಂತೆಂದರೆ ಮಾಳಿಗೆ ಮೇಲೆ ಹಪ್ಪಳ, ಸಂಡಿಗೆ ಹಾಕಿ ಕಾಗೆ ಬಾರದಂತೆ ಕಾಯುತ್ತ ಕೂರುತ್ತಿದ್ದರು. ಕಾಳು ಹಸನು ಮಾಡುವುದು, ಬಟ್ಟೆ ಒಣಹಾಕುವುದು, ಹೊಲಕ್ಕೆ ಬುತ್ತಿ ಒಯ್ಯುವುದು, ಎಲ್ಲವೂ ಬಿಸಿಲಿನಲ್ಲೇ. ಈಗ ಅದೇ ಅಮ್ಮ ವಾಕಡ್‌ನಲ್ಲೋ ಹಡಪಸರ್‌ನಲ್ಲೋ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಇದ್ದಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ, "ತೊಡಿ ಸೋಲ್ತಾವ, ನೆಲದಿಂದ ಏಳಾಕ ಆಗವಲ್ದು" ಎನ್ನತೊಡಗುತ್ತಾರೆ. ನಾವು "ವಯಸ್ಸಾಯ್ತಲ್ಲ ಅಮ್ಮ" ಎಂದು ಸಮಾಧಾನ ಹೇಳಿ ಸುಮ್ಮನಾಗುತ್ತೇವೆ. ಒಂದು ದಿನ ಬಚ್ಚಲಲ್ಲಿ ಕಾಲು ಜಾರುತ್ತದೆ. ಸೊಂಟದ ಎಲುಬು ಮುರಿಯುತ್ತದೆ. ಅಲ್ಲಿಂದ ಮುಂದಿನದು ಆಸ್ಪತ್ರೆಯ ಕಥೆ.

ಎಲ್ಲರಲ್ಲೂ ಇದಕ್ಕೆ ವಿಟಮಿನ್ ಡಿ ಕೊರತೆಯೇ ಕಾರಣವಲ್ಲ. ಆದರೆ ಕಾರಣ ಅದೇ ಆಗಿದ್ದಾಗ ಸರಿಪಡಿಸುವುದು ಸುಲಭ. ಅದಕ್ಕೇ ಈ ಲೇಖನ.

*ಮಾಂಸಖಂಡಕ್ಕೂ ವಿಟಮಿನ್ ಡಿಗೂ ಏನು ಸಂಬಂಧ?*

ಬಿಸಿಲು ಮೈಮೇಲೆ ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ. ಅದು ಮೊದಲು ಲಿವರಿನಲ್ಲಿ, ನಂತರ ಕಿಡ್ನಿಯಲ್ಲಿ ರೂಪ ಬದಲಿಸಿಕೊಂಡು ಕೆಲಸಕ್ಕೆ ಸಿದ್ಧವಾಗುತ್ತದೆ. ನಾವು ತಿಂದ ಊಟದಲ್ಲಿರುವ ಕ್ಯಾಲ್ಸಿಯಂ ಅಂದರೆ ಸುಣ್ಣದಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು ಅದರ ಮುಖ್ಯ ಕೆಲಸ. ವಿಟಮಿನ್ ಡಿ ಇಲ್ಲದಿದ್ದರೆ ಎಷ್ಟೇ ರಾಗಿ, ಹಾಲು, ಎಳ್ಳು ತಿಂದರೂ ಅದರ ಸುಣ್ಣದಂಶದ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಮಾಂಸಖಂಡ ಬಿಗಿಯುವುದಕ್ಕೂ ಸಡಿಲವಾಗುವುದಕ್ಕೂ ಕ್ಯಾಲ್ಸಿಯಂ ಬೇಕು. ಅದರ ಜೊತೆಗೆ ರಂಜಕದ ಪ್ರಮಾಣವೂ ಸರಿಯಾಗಿರಬೇಕು. ವಿಟಮಿನ್ ಡಿ ತೀರಾ ಕಡಿಮೆಯಾದಾಗ ಇವೆರಡೂ ಏರುಪೇರಾಗಿ ಎಲುಬು ಮೆತ್ತಗಾಗುತ್ತದೆ, ಮಾಂಸಖಂಡ ಸೋಲುತ್ತದೆ.

ನಮ್ಮ ಮಾಂಸಖಂಡದಲ್ಲಿ ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳಿವೆ, ಥಟ್ಟನೆ ಬಿಗಿಯುವ ಎಳೆಗಳೂ ಇವೆ. ಕಾಲು ಜಾರಿದಾಗ ಕ್ಷಣಾರ್ಧದಲ್ಲಿ ನಮ್ಮನ್ನು ಸಾವರಿಸಿ ನಿಲ್ಲಿಸುವುದು ಈ ಎರಡನೆಯ ಬಗೆಯ ಎಳೆಗಳು. ವಿಟಮಿನ್ ಡಿ ತೀವ್ರವಾಗಿ ಕಡಿಮೆಯಾದವರಲ್ಲಿ ಇವೇ ಹೆಚ್ಚಾಗಿ ಸಣ್ಣಗಾಗುತ್ತವೆ. ಆಗ ಎಲುಬೂ ದುರ್ಬಲ, ಬೀಳದಂತೆ ಹಿಡಿಯುವ ಮಾಂಸಖಂಡವೂ ದುರ್ಬಲ. ಅಪಾಯ ಇರುವುದು ಇಲ್ಲೇ.

*ಕೊರತೆಯ ಲಕ್ಷಣಗಳು*

• ನೆಲದಿಂದ ಏಳುವಾಗ ಕೈಯೂರಲೇಬೇಕಾಗುವುದು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು.
• ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು. ಮೊದಲು ಪರ್ವತಿ ಬೆಟ್ಟವನ್ನು ನಿಲ್ಲದೆ ಹತ್ತುತ್ತಿದ್ದವರು ಈಗ ಅರ್ಧಕ್ಕೇ ನಿಲ್ಲುತ್ತಾರೆ.
• ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯುವಾಗ, ತಲೆ ಬಾಚುವಾಗ ತೋಳು ಸೋಲುವುದು.
• ಸೊಂಟ, ತೊಡೆ, ಮೊಣಕಾಲಿನ ಕೆಳಗಿನ ಎಲುಬು, ಪಕ್ಕೆಲುಬುಗಳಲ್ಲಿ ಮಂದ ನೋವು. ಎಲುಬನ್ನು ಒತ್ತಿದರೆ ನೋವು ಹೆಚ್ಚಾಗುವುದು.
• ತೀವ್ರ ಕೊರತೆಯಲ್ಲಿ ಬಾತುಕೋಳಿಯಂತೆ ಅತ್ತಿತ್ತ ವಾಲಾಡುತ್ತ ನಡೆಯುವುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಹಿರಿಯರನ್ನು ಕೂರಿಸಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಆಸರೆಯಿಲ್ಲದೆ 5 ಸಲ ಎದ್ದು ಕೂರಲಿ. ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ತಿಳಿದು ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಆದ್ದರಿಂದ ಕಾರಣವನ್ನು ನೀವೇ ನಿರ್ಧರಿಸಬೇಡಿ.

*ಇಷ್ಟು ಬಿಸಿಲಿರುವ ದೇಶದಲ್ಲಿ ಕೊರತೆಯೇ?*

ಎಲ್ಲರೂ ಕೇಳುವ ಪ್ರಶ್ನೆ ಇದು. ಬಿಸಿಲು ಊರಲ್ಲಿದ್ದರೆ ಸಾಲದು, ಮೈಮೇಲೆ ಬೀಳಬೇಕು. ನಮ್ಮ ಪುಣೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ಇಲ್ಲಿನ ಜಹಾಂಗೀರ್ ಆಸ್ಪತ್ರೆಯ ಸಂಶೋಧನಾ ಸಂಸ್ಥೆಯ ವೈದ್ಯರು ಕೊಳೆಗೇರಿಯ ಪುಟ್ಟ ಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಅದೇ ಊರು, ಅದೇ ಬಡತನ. ಆದರೆ ಬಿಸಿಲಿಗೆ ಮೈಯೊಡ್ಡಲು ಅವಕಾಶವಿಲ್ಲದ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆಯಿತ್ತು, ಎಲುಬು ಬಾಗುವ ರಿಕೆಟ್ಸ್ ಕಾಯಿಲೆಯೂ ಕಂಡಿತು. ಇದಕ್ಕೂ ಹತ್ತು ವರ್ಷ ಮೊದಲು, 2000ದಲ್ಲಿ, ದೆಹಲಿಯ ಏಮ್ಸ್ ವೈದ್ಯರು ಆರೋಗ್ಯವಂತರನ್ನೇ ಪರೀಕ್ಷಿಸಿದಾಗ ಒಳಗೆ ಕೂತು ದುಡಿಯುವ ಡಾಕ್ಟರು, ನರ್ಸುಗಳಲ್ಲೂ ಕೊರತೆ ಕಂಡುಬಂದಿತ್ತು. ಬಿಸಿಲಿನಲ್ಲಿ ಕೆಲಸ ಮಾಡುವ ಸೈನಿಕರ ಸ್ಥಿತಿ ಅವರಿಗಿಂತ ಉತ್ತಮವಾಗಿತ್ತು.

ಈಗ ನಮ್ಮವರನ್ನು ನೋಡಿ. ಹಿಂಜವಡಿಯ ಕಂಪನಿಗೆ ಹೋಗುವವರು ಬೆಳಿಗ್ಗೆ ಕ್ಯಾಬ್ ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ. ಉಡುಪಿ, ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ದುಡಿಯುವ ಹುಡುಗರು ಬೆಳಗಿನ ಜಾವ ಅಡುಗೆಮನೆ ಹೊಕ್ಕರೆ ರಾತ್ರಿಯೇ ಹೊರಗೆ ಬರುವುದು. ದೊಡ್ಡ ಪಾತ್ರೆ, ಅಕ್ಕಿ ಮೂಟೆ ಎತ್ತುವವರೂ ಅವರೇ. ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಬಿಸಿಲು ಧಾರಾಳ ಸಿಗುತ್ತದೆ, ಆದರೆ ಊಟದಲ್ಲಿ ಹಾಲು, ಮೊಸರು, ಕಾಳು ಕಡಿಮೆ. ಒಬ್ಬೊಬ್ಬರ ಕೊರತೆ ಒಂದೊಂದು ಬಗೆ.

*ಎಳೆಬಿಸಿಲು ಸಾಲುವುದಿಲ್ಲ*

ಬೆಳಗಿನ ಎಳೆಬಿಸಿಲು ಮೈಗೆ ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನಸ್ಸಿಗೆ, ನಿದ್ದೆಗೆ ಅದು ಹಿತವೇ. ಆದರೆ ವಿಟಮಿನ್ ಡಿ ತಯಾರಿಸುವ ಕಿರಣ ಬೆಳಿಗ್ಗೆ 7 ಗಂಟೆಯ ಬಿಸಿಲಿನಲ್ಲಿ ಬಹಳ ಕಡಿಮೆ. ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವಿನ ಬಿಸಿಲೇ ಇದಕ್ಕೆ ಅತ್ಯುತ್ತಮ ಎಂದು ಕಂಡುಬಂದಿತು.

ಗಡಿಯಾರ ನೋಡದೆ ತಿಳಿಯುವ ಉಪಾಯವೂ ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಉಪಯೋಗಕ್ಕೆ ಬರುತ್ತದೆ. ನೆರಳು ನಿಮಗಿಂತ ಉದ್ದವಾಗಿದ್ದರೆ ಲಾಭ ಕಡಿಮೆ. ಪುಣೆಯಲ್ಲಿ ಏಪ್ರಿಲ್ ತಿಂಗಳಲ್ಲಿ 10 ಗಂಟೆಯ ಹೊತ್ತಿಗೇ ನೆರಳು ಗಿಡ್ಡವಾಗಿರುತ್ತದೆ, ಹಾಗಾಗಿ ಮಧ್ಯಾಹ್ನದ ಉರಿಬಿಸಿಲಿಗೆ ಕಾಯಬೇಕಿಲ್ಲ. ಡಿಸೆಂಬರಿನಲ್ಲಿ ಮಾತ್ರ ಸುಮಾರು 11:30ರಿಂದ 1:30ರವರೆಗೆ ಸಿಗುವ ಬಿಸಿಲೇ ಗತಿ. ಆಫೀಸಿಗೆ ಹೋಗುವವರು ಊಟದ ಬಿಡುವಿನಲ್ಲಿ ಹೊರಗೆ ಒಂದು ಸುತ್ತು ಹಾಕಿ ಬನ್ನಿ.

ನೆನಪಿಡಬೇಕಾದವು:

1. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಗಾಜು ಹಾಕಿಸಿದ ಗ್ಯಾಲರಿಗೂ ಇದೇ ಮಾತು.
2. ಮುಖಕ್ಕಿಂತ ತೋಳು, ಕಾಲಿಗೆ ಬಿಸಿಲು ತಾಗಲಿ. ವಾರದಲ್ಲಿ ಹೆಚ್ಚಿನ ದಿನ 15ರಿಂದ 30 ನಿಮಿಷ ಅಭ್ಯಾಸ ಮಾಡಿಕೊಳ್ಳಿ. ಚರ್ಮ ಕೆಂಪಾಗುವಷ್ಟು, ತಲೆ ಸುತ್ತುವಷ್ಟು ಹೊತ್ತು ನಿಲ್ಲಬೇಡಿ.
3. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು. ವಯಸ್ಸಾದಂತೆ ಚರ್ಮದ ತಯಾರಿಕಾ ಶಕ್ತಿಯೂ ಕುಗ್ಗುತ್ತದೆ.
4. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮೋಡದಲ್ಲಿ ಬಿಸಿಲನ್ನೇ ನಂಬಿ ಕೂರುವಂತಿಲ್ಲ.

*ಊಟದಿಂದ ಎಷ್ಟು ಸಿಗುತ್ತದೆ?*

ದೊಡ್ಡವರಿಗೆ ದಿನಕ್ಕೆ 600 ಐಯು ವಿಟಮಿನ್ ಡಿ, 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಸಸ್ಯಾಹಾರದಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಐಯು ಇರುತ್ತದೆ. ಬಂಗುಡೆ, ಭೂತಾಯಿ ಮೀನು ತಿನ್ನುವ ಕರಾವಳಿಯವರಿಗೆ ಹೆಚ್ಚು ಸಿಗುತ್ತದೆ. ಅಣಬೆಯನ್ನು ಹೆಚ್ಚಿ ಮಧ್ಯಾಹ್ನದ ಬಿಸಿಲಿಗಿಟ್ಟರೆ ಅದರಲ್ಲೂ ವಿಟಮಿನ್ ಡಿ ಹೆಚ್ಚುತ್ತದೆ. ಪ್ಯಾಕೆಟ್ ಹಾಲು, ಎಣ್ಣೆ ಕೊಳ್ಳುವಾಗ ನೀಲಿ ಬಣ್ಣದ "ಎಫ್" ಅಕ್ಷರ ಮತ್ತು ಅಧಿಕ ಚಿಹ್ನೆ ಇದೆಯೇ ನೋಡಿ. ಅದಿದ್ದರೆ ವಿಟಮಿನ್ ಎ ಮತ್ತು ಡಿ ಸೇರಿಸಿದ್ದಾರೆಂದು ಅರ್ಥ.

ರಾಗಿಯಲ್ಲಿ ವಿಟಮಿನ್ ಡಿ ಇದೆ ಎಂಬ ಮೆಸೇಜು ಆಗಾಗ ಬರುತ್ತದೆ. ಅದು ತಪ್ಪು. ರಾಗಿಯಲ್ಲಿರುವುದು ಕ್ಯಾಲ್ಸಿಯಂ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಮುದ್ದೆ, ಅಂಬಲಿ ಬಿಡಬೇಡಿ, ಆದರೆ ಬಿಸಿಲನ್ನೂ ಮರೆಯಬೇಡಿ. ಮಾಂಸಖಂಡ ಬೆಳೆಯಲು ಬೇಳೆ, ಮೊಳಕೆ ಕಾಳು, ಮೊಸರು, ಶೇಂಗಾ ದಿನವೂ ಇರಲಿ.

ಎದೆಹಾಲು ಕುಡಿಯುವ ಕೂಸಿಗೆ ಮೊದಲ ವರ್ಷ ದಿನಕ್ಕೆ 400 ಐಯು ಹನಿ ಕೊಡಬೇಕೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಬಾಣಂತನಕ್ಕೆ ಊರಿಗೆ ಹೋದಾಗ ಇದು ತಪ್ಪಿಹೋಗುವುದುಂಟು, ನೆನಪಿಡಿ.

*ಆಟಗಾರರು, ಚಾರಣಿಗರಿಗೆ*

ಭಾನುವಾರ ಸಿಂಹಗಡ ಹತ್ತುವವರು, ಮ್ಯಾರಥಾನ್‌ಗೆ ತಯಾರಾಗುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ, ಸಂತೋಷ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದು ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುವುದುಂಟು. ಅಮೆರಿಕದ ನೌಕಾಪಡೆಯ ತರಬೇತಿಯಲ್ಲಿದ್ದ 5,201 ಯುವತಿಯರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 8 ವಾರ ದಿನಕ್ಕೆ 2,000 ಮಿಲಿಗ್ರಾಂ ಕ್ಯಾಲ್ಸಿಯಂ, 800 ಐಯು ವಿಟಮಿನ್ ಡಿ ಪಡೆದವರಲ್ಲಿ ಇಂಥ ಬಿರುಕು ಶೇಕಡಾ 20ರಷ್ಟು ಕಡಿಮೆಯಾಯಿತು. ಮ್ಯಾಂಚೆಸ್ಟರಿನಲ್ಲಿ 12ರಿಂದ 14 ವರ್ಷದ ಹುಡುಗಿಯರನ್ನು ಜಿಗಿಸಿ ನೋಡಿದಾಗ, ವಿಟಮಿನ್ ಡಿ ಹೆಚ್ಚಿದ್ದವರ ಜಿಗಿತದಲ್ಲಿ ಹೆಚ್ಚು ಬಲವಿತ್ತು.

ಹಾಗೆಂದು ಇದು ಸಂಜೀವಿನಿಯಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕೊರತೆ ಇದೆಯೇ ಎಂದು ನೋಡದೆ ಎಲ್ಲರಿಗೂ ದಿನವೂ 2,000 ಐಯು ಕೊಟ್ಟರೂ ಎಲುಬು ಮುರಿತ ಕಡಿಮೆಯಾಗಲಿಲ್ಲ. ಕೊರತೆ ತುಂಬಿದರೆ ಲಾಭ, ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದರೆ ಲಾಭವಿಲ್ಲ. ಓಟದ ದೂರವನ್ನು ನಿಧಾನವಾಗಿ ಹೆಚ್ಚಿಸಿ. ಒಂದೇ ಜಾಗದಲ್ಲಿ ನೋವು ಉಳಿದರೆ ಓಡುವುದನ್ನು ನಿಲ್ಲಿಸಿ ತೋರಿಸಿ.

*ದಯವಿಟ್ಟು ಇದನ್ನು ಎರಡು ಸಲ ಓದಿ*

ಔಷಧಿ ಅಂಗಡಿಯಲ್ಲಿ ಸಿಗುವ 60,000 ಐಯು ಪುಡಿ ಅಥವಾ ಕ್ಯಾಪ್ಸೂಲ್ ಸಾಮಾನ್ಯವಾಗಿ *ವಾರಕ್ಕೆ ಒಂದು*, ಅದೂ ಡಾಕ್ಟರು ಹೇಳಿದಷ್ಟು ವಾರ ಮಾತ್ರ. ಇದನ್ನು ದಿನವೂ ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಪಕ್ಕದ ಮನೆಯವರ ಚೀಟಿ ನೋಡಿ ತರಬೇಡಿ. ಒಬ್ಬ ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದರೆ ಇನ್ನೊಬ್ಬರಿಗೆ ಅದನ್ನು ತಿಳಿಸಿ. ಊರಿನಲ್ಲೊಬ್ಬ ಡಾಕ್ಟರು, ಪುಣೆಯಲ್ಲೊಬ್ಬ ಡಾಕ್ಟರು ಇರುವ ನಮ್ಮಂಥ ಮನೆಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಎರಡೂ ಕಡೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿಡಿ.

ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಗೊಂದಲ ಕಾಣಿಸುತ್ತವೆ, ಕಿಡ್ನಿಗೂ ಪೆಟ್ಟು. ಆಸ್ಟ್ರೇಲಿಯಾದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಒಂದೇ ಸಲಕ್ಕೆ 5,00,000 ಐಯು ಕೊಟ್ಟು ನೋಡಿದರು. ಬೀಳುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎಲುಬು ಮುರಿತವೂ ಹೆಚ್ಚಾಯಿತು. ಇದು 2010ರ ವರದಿ. ಕಿಡ್ನಿ ಕಲ್ಲು, ಕಿಡ್ನಿ ತೊಂದರೆ ಇರುವವರು ಕೇಳದೆ ಏನನ್ನೂ ತೆಗೆದುಕೊಳ್ಳಬಾರದು.

ರಕ್ತಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಮೇಲಿನ ಲಕ್ಷಣಗಳಿದ್ದರೆ, ಮನೆಯಿಂದ ಹೊರಬೀಳದ ಹಿರಿಯರಿದ್ದರೆ ಡಾಕ್ಟರನ್ನು ಕೇಳಿ ಮಾಡಿಸಿ. ವರದಿಯಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ, 12ಕ್ಕಿಂತ ಕಡಿಮೆ ಇದ್ದರೆ ತೀವ್ರ ಕೊರತೆ. ಔಷಧಿ ಕೊಟ್ಟರೆ ಊಟದ ನಂತರ ತೆಗೆದುಕೊಳ್ಳಿ, ಜಿಡ್ಡಿನಂಶದ ಜೊತೆ ಚೆನ್ನಾಗಿ ಹೀರಲ್ಪಡುತ್ತದೆ. ಬಲ ಮರಳಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಅವಸರಪಟ್ಟು ಡೋಸ್ ಹೆಚ್ಚಿಸಬೇಡಿ.

*ನಾಳೆಯಿಂದಲೇ ಮಾಡಬಹುದಾದದ್ದು*

✅ ಅಮ್ಮ, ಅಪ್ಪ, ಅತ್ತೆ, ಮಾವ ಇದ್ದರೆ 11 ಗಂಟೆಗೆ ಟೆರೇಸಿಗೋ ಸೊಸೈಟಿಯ ತೋಟಕ್ಕೋ ಕರೆದುಕೊಂಡು ಹೋಗಿ. ಕೆಲಸದ ದಿನ ನಿಮಗಾಗದಿದ್ದರೆ ಅದೇ ಕಟ್ಟಡದ ಇಬ್ಬರು ಮೂವರು ಹಿರಿಯರನ್ನು ಜೊತೆ ಮಾಡಿ. ಮಾತಿಗೂ ಆಯಿತು, ಬಿಸಿಲಿಗೂ ಆಯಿತು.
✅ ದಿನಕ್ಕೆ ಎರಡು ಸಲ, ಕುರ್ಚಿಯಿಂದ 10 ಬಾರಿ ಎದ್ದು ಕೂರುವ ವ್ಯಾಯಾಮ. ದುಡಿಸದ ಮಾಂಸಖಂಡಕ್ಕೆ ಯಾವ ವಿಟಮಿನ್ನೂ ಬಲ ಕೊಡಲಾರದು.
✅ ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ, ಜಾರದ ಮ್ಯಾಟ್, ರಾತ್ರಿ ಸಣ್ಣ ದೀಪ.
✅ ಬೇಸಿಗೆಯಲ್ಲಿ ಟೆರೇಸ್ ಮೇಲೆ ಒಂದಿಷ್ಟು ಸಂಡಿಗೆ ಹಾಕಿ. ಕಾಯುವ ಕೆಲಸವನ್ನು ಮನೆಯವರೆಲ್ಲ ಸ್ವಲ್ಪ ಸ್ವಲ್ಪ ಹೊತ್ತು ಹಂಚಿಕೊಳ್ಳಿ.

ಇನ್ನು ಮುಂದೆ ಮನೆಯ ಹಿರಿಯರು "ಏಳಾಕ ಆಗವಲ್ದು" ಎಂದರೆ "ವಯಸ್ಸಾಯ್ತು" ಎಂದು ಬಿಡಬೇಡಿ. ಯಾಕೆ ಆಗುತ್ತಿಲ್ಲ ಎಂದು ಒಮ್ಮೆ ವಿಚಾರಿಸಿ.

ಈ ಲೇಖನ ತಿಳುವಳಿಕೆಗಾಗಿ ಮಾತ್ರ, ಡಾಕ್ಟರ ಸಲಹೆಗೆ ಬದಲಿಯಲ್ಲ. ಉಪಯುಕ್ತ ಅನಿಸಿದರೆ ನಿಮ್ಮ ಮನೆಯ ಗ್ರೂಪಿಗೂ, ಊರಿನ ಬಂಧುಗಳಿಗೂ ಕಳಿಸಿ. 🙏