ಪ್ರೊಸೆಸರಿನ ಸೌಲಭ್ಯವನ್ನು ಮುಚ್ಚುವ ಬಗೆ

ಕಂಪ್ಯೂಟರಿನ ಪ್ರೊಸೆಸರು ಒಮ್ಮೆ ಕಾರ್ಖಾನೆಯಿಂದ ಹೊರಬಿದ್ದಿತೆಂದರೆ ಅದನ್ನು ಬಿಚ್ಚಿ ತಿದ್ದುವಂತಿಲ್ಲ. ಅದರ ಕೋಟ್ಯಂತರ ಟ್ರಾನ್ಸಿಸ್ಟರುಗಳಲ್ಲಿ ಎಲ್ಲಿಯೋ ಒಂದು ಲೋಪ ಉಳಿದಿದೆಯೆಂದು ಆಮೇಲೆ ತಿಳಿದುಬಂದರೆ, ಆ ಲೋಪವಿರುವ ಸೌಲಭ್ಯವನ್ನು ಯಾರೂ ಬಳಸದಂತೆ ಮುಚ್ಚಿಬಿಡುವುದೊಂದೇ ಅನೇಕ ವೇಳೆ ಉಳಿಯುವ ದಾರಿ. ಮುಚ್ಚುವುದೇನು ಮಹಾ ಕಾರ್ಯ, ಒಂದು ಗುಂಡಿಯನ್ನು ಒತ್ತಿದರಾಯಿತಲ್ಲವೇ ಎಂದು ವಾಚಕರಿಗೆ ತೋರಬಹುದು. ಅದು ಅಷ್ಟು ಸುಲಭವಲ್ಲವೆಂಬುದು 2014ರಲ್ಲಿ ಅನೇಕರಿಗೆ ಅನುಭವದಿಂದಲೇ ತಿಳಿಯಿತು. ಆ ಸಂಗತಿಯನ್ನು ಹೇಳುವುದಕ್ಕೆ ಮೊದಲು ಪ್ರೊಸೆಸರಿನ ಒಳಗೊಮ್ಮೆ ಇಣಿಕಿ ನೋಡೋಣ.

ಈಗಿನ ಪ್ರೊಸೆಸರಿನಲ್ಲಿ ಕೋರ್ ಎಂದು ಕರೆಯುವ ಘಟಕಗಳು ನಾಲ್ಕೋ ಎಂಟೋ ಅಥವಾ ಅದಕ್ಕೂ ಹೆಚ್ಚೋ ಇರುತ್ತವೆ. ಒಂದೊಂದು ಕೋರೂ ತನ್ನ ಪಾಲಿನ ಆಜ್ಞೆಗಳನ್ನು ತಾನೇ ನಡೆಸಬಲ್ಲುದು. ಒಂದೊಂದಕ್ಕೂ ತನ್ನವೇ ಆದ ನಿಯಂತ್ರಣ ರಿಜಿಸ್ಟರುಗಳುಂಟು. ಯಾವ ಪ್ರೋಗ್ರಾಂ ಯಾವ ಕೋರಿನಲ್ಲಿ ನಡೆಯಬೇಕೆಂಬುದನ್ನು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್. ಈ ಕ್ಷಣದಲ್ಲಿ ಮೊದಲನೆಯ ಕೋರಿನಲ್ಲಿರುವ ಪ್ರೋಗ್ರಾಂ ಕಣ್ಣು ಮಿಟುಕಿಸುವುದರೊಳಗೆ ಐದನೆಯದಕ್ಕೆ ಹೋಗಿರಬಹುದು. ತನ್ನನ್ನು ಹೀಗೆ ಸಾಗಿಸಿದರೆಂಬುದು ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ.

ಪ್ರೊಸೆಸರುಗಳಿಗೆ ಹೊಸ ಹೊಸ ಆಜ್ಞೆಗಳು ಸೇರುತ್ತ ಬಂದಿರುವುದರಿಂದ, ಇಂಥ ಆಜ್ಞೆ ಈ ಯಂತ್ರದಲ್ಲಿ ಉಂಟೋ ಇಲ್ಲವೋ ಎಂಬುದನ್ನು ಪ್ರೋಗ್ರಾಂ ಮೊದಲೇ ವಿಚಾರಿಸಿಕೊಳ್ಳಬೇಕಾಗುತ್ತದೆ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಲ್ಲಿ ಈ ವಿಚಾರಣೆಗೆಂದೇ ಸಿಪಿಯುಐಡಿ ಎಂಬ ಆಜ್ಞೆಯಿದೆ. ಅದು ಕೊಡುವ ಉತ್ತರ ಬಿಟ್ಟುಗಳ ಒಂದು ಸಾಲು. 1 ಎಂದರೆ ಸೌಲಭ್ಯ ಉಂಟು, 0 ಎಂದರೆ ಇಲ್ಲ. ಆದರೆ ಪ್ರೋಗ್ರಾಂ ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಆರಂಭದಲ್ಲಿ ಒಮ್ಮೆ ಮಾತ್ರ ಕೇಳುತ್ತದೆ. ಅದೂ ತಾನು ಆಗ ಇದ್ದ ಕೋರನ್ನು ಮಾತ್ರ. ಮದುವೆಮನೆಯಲ್ಲಿ ಅಡುಗೆಯವರೊಬ್ಬರನ್ನು “ಹೋಳಿಗೆ ಬರುತ್ತದೆಯೇ?” ಎಂದು ಕೇಳಿ ಹೂರಣವನ್ನು ರುಬ್ಬಿಸಿಟ್ಟು, ಆಮೇಲೆ ಹೋಳಿಗೆಯನ್ನೇ ತಟ್ಟಿ ಅರಿಯದ ಇನ್ನೊಬ್ಬರನ್ನು ಒಲೆಯ ಮುಂದೆ ಕೂರಿಸಿದರೆ ಹೇಗಾದೀತು? ಕೋರುಗಳಲ್ಲಿ ಒಮ್ಮತವಿಲ್ಲದಿದ್ದರೆ ಪ್ರೋಗ್ರಾಮಿಗೆ ಒದಗುವ ಗತಿಯೂ ಅದೇ. ಅರಿಯದ ಆಜ್ಞೆ ಎದುರಾದೊಡನೆ ಕೋರು ಕರ್ನೆಲ್ಲಿಗೆ ದೂರು ಕೊಡುತ್ತದೆ. ಕರ್ನೆಲ್ ಸಾಮಾನ್ಯವಾಗಿ ಆ ಪ್ರೋಗ್ರಾಮನ್ನೇ ಕೊನೆಗಾಣಿಸುತ್ತದೆ.

ಈಗ 2014ರ ಸಂಗತಿ. ಅದರ ಹಿಂದಿನ ವರ್ಷ ಇಂಟೆಲ್ ಕಂಪನಿಯು ಹ್ಯಾಸ್ವೆಲ್ ಎಂಬ ಪ್ರೊಸೆಸರುಗಳಲ್ಲಿ ಟಿಎಸ್‌ಎಕ್ಸ್ ಎಂಬ ಸೌಲಭ್ಯವನ್ನು ತಂದಿತ್ತು. ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ತಿದ್ದಬಾರದೆಂದು ಪ್ರೋಗ್ರಾಮುಗಳು ಅದಕ್ಕೊಂದು ಬೀಗ ಹಾಕುತ್ತವೆ; ಒಬ್ಬರು ಒಳಗಿರುವಾಗ ಉಳಿದವರು ಹೊರಗೆ ಕಾಯುತ್ತಾರೆ. ಟಿಎಸ್‌ಎಕ್ಸ್ ಇದ್ದರೆ ಕಾಯಬೇಕಾಗಿಲ್ಲ. ಬೀಗವಿಲ್ಲದೆಯೇ ಒಳಹೊಕ್ಕು, ತಿದ್ದುಪಡಿಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಯಾರೊಡನೆಯೂ ಘರ್ಷಣೆಯಾಗದಿದ್ದರೆ ಎಲ್ಲವನ್ನೂ ಒಮ್ಮೆಗೇ ಒಪ್ಪಿಸಬಹುದು. ಘರ್ಷಣೆಯಾದರೆ ಅವನ್ನು ಬಿಸುಟು ಹಳೆಯ ಬೀಗದ ದಾರಿಯನ್ನೇ ಹಿಡಿಯಬಹುದು. ಸೊಗಸಾದ ಉಪಾಯವೇ ಸರಿ. ಆದರೆ 2014ರ ಆಗಸ್ಟಿನಲ್ಲಿ ಅದರಲ್ಲಿ ಲೋಪವಿದೆಯೆಂದು ಇಂಟೆಲ್ ಪ್ರಕಟಿಸಿತು. ಪ್ರೊಸೆಸರಿನ ಒಳಗಿನ ಸೂಚನೆಗಳಾದ ಮೈಕ್ರೋಕೋಡಿನ ಹೊಸ ಆವೃತ್ತಿಯ ಮೂಲಕ ಸೌಲಭ್ಯವನ್ನು ಮುಚ್ಚಿತು.

ಎಡವಟ್ಟಾದುದು ಇಲ್ಲಿ. ಕೆಲವು ಲಿನಕ್ಸ್ ಯಂತ್ರಗಳಲ್ಲಿ ಈ ಹೊಸ ಮೈಕ್ರೋಕೋಡು, ಯಂತ್ರ ಆರಂಭವಾಗಿ ಪ್ರೋಗ್ರಾಮುಗಳು ನಡೆಯುತ್ತಿರುವಾಗ ಪ್ರೊಸೆಸರನ್ನು ಸೇರಿತು. ಬೀಗಗಳನ್ನು ನೋಡಿಕೊಳ್ಳುವ ಗ್ನೂ ಸಿ ಲೈಬ್ರರಿ ಅಷ್ಟರಲ್ಲಿ ಸಿಪಿಯುಐಡಿಯನ್ನು ಕೇಳಿ, ‘ಉಂಟು’ ಎಂಬ ಉತ್ತರವನ್ನು ಪಡೆದು, ಟಿಎಸ್‌ಎಕ್ಸ್ ದಾರಿಯನ್ನು ಆರಿಸಿಕೊಂಡಾಗಿತ್ತು. ಮುಂದಿನ ಬಾರಿ ಬೀಗದ ಬಳಿ ಬಂದಾಗ ಆ ಆಜ್ಞೆಯೇ ಇಲ್ಲ! ನೆಟ್ಟಗಿದ್ದ ಪ್ರೋಗ್ರಾಮುಗಳು ನಡುದಾರಿಯಲ್ಲಿ ಉರುಳಿದವು. ಲೋಪವನ್ನು ಮುಚ್ಚಿದುದು ತಪ್ಪಲ್ಲ, ಮುಚ್ಚಿದ ವೇಳೆ ತಪ್ಪು. ಯಾವ ಪ್ರೋಗ್ರಾಮೂ ಪ್ರಶ್ನೆಯನ್ನು ಕೇಳುವ ಮೊದಲೇ ಎಲ್ಲ ಕೋರುಗಳಲ್ಲಿಯೂ ಉತ್ತರ ಬದಲಾಗಿರಬೇಕಾಗಿತ್ತು. ಮೈಕ್ರೋಕೋಡನ್ನು ಆರಂಭದ ಮೊದಲ ಹಂತದಲ್ಲಿಯೇ ತುಂಬುವುದು ಇದಕ್ಕೆ ಪರಿಹಾರವಾಯಿತು.

ಲಿನಕ್ಸ್ ಕರ್ನೆಲ್ ಈ ಕೆಲಸವನ್ನು ಹೇಗೆ ಮಾಡುತ್ತದೆಂಬುದನ್ನು ನೋಡೋಣ. ಯಂತ್ರವನ್ನು ಹೊತ್ತಿಸಿದಾಗ ಮೊದಲು ಎಚ್ಚರಗೊಳ್ಳುವುದು ಒಂದೇ ಕೋರು. ಉಳಿದವುಗಳನ್ನು ಕರ್ನೆಲ್ ಆಮೇಲೆ ಎಬ್ಬಿಸುತ್ತದೆ. ಪ್ರತಿಯೊಂದು ಕೋರಿನ ಸೌಲಭ್ಯಗಳನ್ನೂ ಅದು ಬಿಟ್ಟುಗಳ ಪಟ್ಟಿಯಾಗಿ ಬರೆದುಕೊಂಡು, ಮುಚ್ಚಬೇಕೆಂದು ನಿಶ್ಚಯಿಸಿದವನ್ನು ಪ್ರತಿಯೊಂದು ಪಟ್ಟಿಯಿಂದಲೂ ಅಳಿಸುತ್ತದೆ. ಬಳಿಕ ಪಟ್ಟಿಗಳನ್ನು ‘ಮತ್ತು’ ಎಂಬ ತಾರ್ಕಿಕ ಕ್ರಿಯೆಯಿಂದ ಕೂಡಿಸುತ್ತದೆ. ಒಂದು ಕೋರು 1101 ಎಂದೂ ಇನ್ನೊಂದು 1011 ಎಂದೂ ಹೇಳಿದರೆ ಒಟ್ಟು ಯಂತ್ರದ ಪಟ್ಟಿ 1001. ಎಲ್ಲರಲ್ಲಿಯೂ ಇರುವುದಷ್ಟೇ ಉಂಟೆಂದು ಗಣನೆ. ಒಂದನ್ನು ಮುಚ್ಚಿದರೆ ಅದನ್ನು ಆಶ್ರಯಿಸಿದವೂ ಮುಚ್ಚಬೇಕು: ಎಕ್ಸ್‌ಸೇವ್ ಹೋದರೆ ಎವಿಎಕ್ಸ್, ಅದರ ಹಿಂದೆ ಎವಿಎಕ್ಸ್-2.

ಕರ್ನೆಲ್ಲಿಗೆ ಆತುರವಿರುವುದಕ್ಕೆ ಇನ್ನೊಂದು ಕಾರಣವಿದೆ. ಅದು ಆರಂಭದಲ್ಲಿ ಈ ಪಟ್ಟಿಯನ್ನು ನೋಡಿಕೊಂಡು ತನ್ನ ಆಜ್ಞೆಗಳನ್ನು ತಾನೇ ತಿದ್ದಿ ಬರೆದುಕೊಳ್ಳುತ್ತದೆ. ಬರೆದಾದ ಮೇಲೆ ಪಟ್ಟಿಯಲ್ಲಿ ಗೀಟು ಎಳೆದರೆ ಪ್ರಯೋಜನವಿಲ್ಲ.

ಪಟ್ಟಿಯಿಂದ ಅಳಿಸುವುದೂ ನಿಜವಾಗಿ ಮುಚ್ಚುವುದೂ ಒಂದೇ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು. ಕರ್ನೆಲ್ ತನ್ನ ಪಟ್ಟಿಯಿಂದ ಅಳಿಸಿದರೆ ತಾನು ಬಳಸುವುದಿಲ್ಲ, ಅಷ್ಟೆ. ಸಿಪಿಯುಐಡಿಯನ್ನು ನೇರವಾಗಿ ಕೇಳುವ ಪ್ರೋಗ್ರಾಮಿಗೆ ಹಳೆಯ ಉತ್ತರವೇ ದೊರೆಯುತ್ತದೆ. ಆ ಉತ್ತರವನ್ನೂ ಬದಲಿಸಬೇಕಾದರೆ ಪ್ರೊಸೆಸರಿನ ವಿಶೇಷ ರಿಜಿಸ್ಟರುಗಳಲ್ಲಿ ಬರೆಯಬೇಕು. ಅಂಥ ಅನುಕೂಲ ಎಲ್ಲ ಸೌಲಭ್ಯಗಳಿಗೂ ಇಲ್ಲ. ಟಿಎಸ್‌ಎಕ್ಸ್ ಮೂಲಕ ರಹಸ್ಯ ಮಾಹಿತಿ ಸೋರಬಹುದೆಂದು 2019ರ ನವೆಂಬರಿನಲ್ಲಿ ಪ್ರಕಟವಾದಾಗ, ಕೆಲವು ಪ್ರೊಸೆಸರುಗಳಿಗೆ ಇಂಥದೊಂದು ರಿಜಿಸ್ಟರು ದೊರೆಯಿತು. ಅದರ ಒಂದು ಬಿಟ್ಟು ಸಿಪಿಯುಐಡಿಯ ಉತ್ತರವನ್ನು ಮರೆಮಾಡುತ್ತದೆ. ಇನ್ನೊಂದು ಬಿಟ್ಟು ಆಜ್ಞೆಯನ್ನು ಕಿತ್ತುಹಾಕದೆ, ಪ್ರತಿಸಲವೂ ‘ಘರ್ಷಣೆಯಾಯಿತು’ ಎಂದೇ ಹಿಂದಿರುಗುವಂತೆ ಮಾಡುತ್ತದೆ. ಆಗ ಪ್ರೋಗ್ರಾಂ ಉರುಳುವುದಿಲ್ಲ, ಬೀಗದ ದಾರಿಯನ್ನು ಹಿಡಿಯುತ್ತದೆ. ಐದು ವರ್ಷಗಳ ಹಿಂದಿನ ಕ್ರಮಕ್ಕಿಂತ ಇದು ಎಷ್ಟೋ ಮೇಲೆಂದು ನಮಗೆ ತೋರುತ್ತದೆ. ಆದರೂ ಒಂದು ಕೋರಿನಲ್ಲಿ ಬರೆದರೆ ಸಾಲದು, ಪ್ರತಿಯೊಂದರಲ್ಲಿಯೂ ಬರೆಯಬೇಕು.

ಒಂದು ಕೋರನ್ನು ಮರೆತರೆ ಪ್ರೋಗ್ರಾಂ ಯಾವಾಗಲೂ ಸದ್ದು ಮಾಡಿಯೇ ಬೀಳುತ್ತದೆಂದು ತಿಳಿಯಬಾರದು. ಸೋರಿಕೆಯನ್ನು ತಡೆಯಲು ಮುಚ್ಚಿದ ಸೌಲಭ್ಯವು ಎಂಟರಲ್ಲಿ ಒಂದು ಕೋರಿನಲ್ಲಿ ತೆರೆದೇ ಉಳಿದರೆ ಎಲ್ಲ ಪ್ರೋಗ್ರಾಮುಗಳೂ ಸರಾಗವಾಗಿ ನಡೆಯುತ್ತವೆ. ಆ ಒಂದು ಕೋರಿನಿಂದ ಮಾಹಿತಿ ಸೋರುತ್ತಲೇ ಇರುತ್ತದೆ. ಮೊದಲ ಬಗೆಯ ತಪ್ಪಿಗಿಂತ ಇದೇ ಭಯಂಕರ.

ಯಂತ್ರದ ನಿದ್ರೆಯಿಂದಲೂ ತೊಡಕು ಬರುತ್ತದೆ. ಆರ್‌ಡಿರ‍್ಯಾಂಡ್ ಎಂಬ ಆಜ್ಞೆ ಊಹಿಸಲಾಗದ ಸಂಖ್ಯೆಗಳನ್ನು ಕೊಡಬೇಕು. ಗುಪ್ತಲಿಪಿಯ ಕೀಲಿಗಳನ್ನು ಮಾಡಲು ಇಂಥ ಸಂಖ್ಯೆಗಳು ಬೇಕು. ಕೆಲವು ಹಳೆಯ ಎಎಂಡಿ ಪ್ರೊಸೆಸರುಗಳಿರುವ ಯಂತ್ರಗಳಲ್ಲಿ, ಆರಂಭಿಕ ತಂತ್ರಾಂಶದ ದೋಷದಿಂದ, ನಿದ್ರೆಯಿಂದೆದ್ದ ಬಳಿಕ ಈ ಆಜ್ಞೆಯನ್ನು ನಂಬುವಂತಿರಲಿಲ್ಲ. 2019ರಲ್ಲಿ ಲಿನಕ್ಸ್ ಕರ್ನೆಲ್ ಅಂಥ ಪ್ರೊಸೆಸರುಗಳ ಸಿಪಿಯುಐಡಿ ಉತ್ತರದಿಂದಲೇ ಅದನ್ನು ತೆಗೆಯಿತು. ಆಜ್ಞೆ ಕೆಲಸ ಮಾಡುವುದನ್ನು ನಿಲ್ಲಿಸಲಿಲ್ಲ. ಹೆಸರು ಮಾತ್ರ ಮರೆಯಾಯಿತು. ಆ ಮರೆಯೂ ರಿಜಿಸ್ಟರಿನಲ್ಲಿ ಬರೆದ ಒಂದು ಬಿಟ್ಟೇ ಆದುದರಿಂದ ನಿದ್ರೆಯಲ್ಲಿ ಅಳಿಸಿಹೋಗಬಹುದು. ಅದಕ್ಕಾಗಿ ಕರ್ನೆಲ್ ಯಂತ್ರ ಮಲಗುವ ಮುನ್ನ ಅದನ್ನು ನೆನಪಿನಲ್ಲಿಟ್ಟುಕೊಂಡು, ಎದ್ದೊಡನೆ ಮತ್ತೆ ಬರೆಯುತ್ತದೆ. ತಮ್ಮ ಯಂತ್ರದ ದೋಷ ಸರಿಹೋಗಿದೆಯೆಂದು ಬಲ್ಲವರು ಆರಂಭದ ಸೂಚನೆಗಳಲ್ಲಿ ಒಂದು ಪದವನ್ನು ಸೇರಿಸಿ ಆ ಹೆಸರನ್ನು ಮರಳಿ ಪಡೆಯಬಹುದು.